ಆರ್‌ಸಿ ಬುಕ್ಕಿನ ಇಸವಿ, ಮಣ್ಣಿನ ಲೆಕ್ಕ

ಹಳೆಯ ಬೈಕುಗಳ ಮಣ್ಣಿನ ರೇಸಿನ ಮಾತೆದ್ದಾಗಲೆಲ್ಲ ನಮ್ಮವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಗಾಡಿ ಯಾವ ಇಸವಿಯದು? ಐವತ್ತು ವರ್ಷ ದಾಟಿದ್ದರೆ ವಿಂಟೇಜ್, ದಾಟದಿದ್ದರೆ ಬರೀ ಹಳೇ ಗಾಡಿ. ಈ ಐವತ್ತರ ಲೆಕ್ಕಕ್ಕೆ ಈಗ ಕಾನೂನಿನ ಬಲವೂ ಸೇರಿದೆ. 2021ರ ಜುಲೈಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪದಲ್ಲೇ ಉಳಿದಿರುವ, ಚಾಸಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಕಾಣದ ವಾಹನವನ್ನು ವಿಂಟೇಜ್ ಎಂದು ಗುರುತಿಸಿತು. ಅವುಗಳಿಗೆ ‘ವಿಎ’ ಅಕ್ಷರಗಳ ಬೇರೆ ನಂಬರು, 20,000 ರೂಪಾಯಿ ಶುಲ್ಕ. ಅಪ್ಪ ಅಜ್ಜಂದಿರ ಗಾಡಿಯನ್ನು ಗುಜರಿಗೆ ಹಾಕದೆ ಕಾಪಾಡಿಕೊಂಡವರಿಗೆ ಆ ನಿಯಮದಿಂದ ನಿಜವಾದ ಉಪಕಾರವಾಗಿದೆ. ಆದರೆ ಅದೇ ಅಳತೆಗೋಲನ್ನು ಮೋಟೋಕ್ರಾಸ್ ಕಣಕ್ಕೆ ತಂದು ಯಾವ ಗಾಡಿ ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸುವುದು ತಪ್ಪು. ಕರ್ನಾಟಕದ ಮಟ್ಟಿಗೆ ಅದು ಅನ್ಯಾಯವೂ ಹೌದು. ಹಳೆಯ ಬೈಕುಗಳಿಗೆಂದೇ ಮೀಸಲಾದ ಮೋಟೋಕ್ರಾಸ್ ವರ್ಗ ನಮ್ಮಲ್ಲಿನ್ನೂ ಗಟ್ಟಿಯಾಗಿ ಬೇರೂರಿಲ್ಲ. ಗೆರೆ ಎಳೆದಾದ ಮೇಲೆ ಜಗಳವಾಡುವುದಕ್ಕಿಂತ ಎಳೆಯುವ ಮೊದಲೇ ಆಡುವುದು ಒಳ್ಳೆಯದು.

ಇಸವಿಯ ಪಕ್ಷದವರು ಸಾಮಾನ್ಯವಾಗಿ ಅಮೆರಿಕದ ಉದಾಹರಣೆ ಕೊಡುತ್ತಾರೆ. ಅಲ್ಲಿ 1986ರಲ್ಲಿ ಹುಟ್ಟಿದ ಅಹರ್ಮಾ ಎಂಬ ಚಾರಿತ್ರಿಕ ಬೈಕು ರೇಸಿಂಗ್ ಸಂಸ್ಥೆ ವಿಂಟೇಜ್ ಮೋಟೋಕ್ರಾಸ್‌ಗೆ 1974ರ ಗೆರೆ ಎಳೆದಿದೆ. ಅವರು ವರ್ಷ ನೋಡುವಾಗ ನಾವೂ ನೋಡಿದರೇನು ಎಂಬ ವಾದ ಮೇಲ್ನೋಟಕ್ಕೆ ಸರಿ ಕಾಣುತ್ತದೆ. ಆ ವರ್ಷವನ್ನೇ ಏಕೆ ಆರಿಸಿದರು ಎಂದು ಕೇಳಿದೊಡನೆ ಅದರ ಬುಡ ಸಡಿಲವಾಗುತ್ತದೆ. 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಯಮಹಾದ ಮೇಲೆ 250 ಸಿಸಿ ವಿಶ್ವ ಚಾಂಪಿಯನ್ ಆದ. ಆ ಗಾಡಿಗೆ ಹಿಂದೆ ಎರಡು ಶಾಕಪ್ ಇರಲಿಲ್ಲ. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ ರೂಪಿಸಿದ ಒಂಟಿ ಶಾಕಪ್, ಟ್ಯಾಂಕಿನ ಕೆಳಗೆ ಮಲಗಿಕೊಂಡಿತ್ತು. ಅಲ್ಲಿಂದ ಎರಡೇ ವರ್ಷಗಳಲ್ಲಿ ಎಲ್ಲ ಕಂಪನಿಗಳೂ ಚಕ್ರದ ಏರಿಳಿತವನ್ನು ಹೆಚ್ಚಿಸಲು ಪೈಪೋಟಿಗೆ ಬಿದ್ದವು. ಹಳೆಯ ಗಾಡಿಯಲ್ಲಿ ಸವಾರ ದಿಬ್ಬಕ್ಕೆ ಮುಂಚೆ ಥ್ರಾಟಲ್ ಇಳಿಸಿ, ಫುಟ್‌ರೆಸ್ಟಿನ ಮೇಲೆ ಎದ್ದುನಿಂತು ಪೆಟ್ಟನ್ನು ಮೊಣಕಾಲಿನಲ್ಲಿ ತೆಗೆದುಕೊಳ್ಳಬೇಕಿತ್ತು. ಹೊಸ ಗಾಡಿ ಆ ಪೆಟ್ಟನ್ನು ತಾನೇ ನುಂಗಿತು. ಅಂದರೆ 1974ರ ಆಚೆ ಈಚೆ ಇರುವುದು ಎರಡು ಬೇರೆ ಬೇರೆ ಸವಾರಿ ವಿದ್ಯೆಗಳು.

ಅಹರ್ಮಾದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರ ನಿಯಮದಲ್ಲಿ ವರ್ಷದ ಜೊತೆ ಅಳತೆಯೂ ಇದೆ: ವಿಂಟೇಜ್ ವರ್ಗದ ಗಾಡಿಯ ಮುಂದಿನ ಚಕ್ರ 7 ಇಂಚು, ಹಿಂದಿನದು 4 ಇಂಚಿಗಿಂತ ಹೆಚ್ಚು ಏರಿಳಿಯುವಂತಿಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ, ನಮ್ಮವರು ಅದನ್ನು ಓದಿಯೂ ಬಿಟ್ಟುಬಿಡುತ್ತಾರೆ. ಗೆರೆಯ ಈಚೆಗೆ ತಯಾರಾದ ಗಾಡಿಯೂ ಆಚೆಯ ವಿನ್ಯಾಸವನ್ನೇ ಹೊತ್ತಿದ್ದರೆ, ‘ಸಮಾನ ವಿನ್ಯಾಸ’ದ ಆಧಾರದ ಮೇಲೆ ಒಳಗೆ ಬರಬಹುದು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮುಂದಿನ ಪೀಳಿಗೆಗೆ ಮಾಡಿಕೊಂಡ ‘ಈವೋ’ ವರ್ಗವೂ ಗಾಳಿಯಿಂದ ತಣಿಯುವ ಎಂಜಿನ್, ಡ್ರಮ್ ಬ್ರೇಕ್, ಲಿಂಕೇಜ್ ಇಲ್ಲದ ಸಸ್ಪೆನ್ಷನ್ ಎಂಬ ಲಕ್ಷಣಗಳನ್ನೇ ಹಿಡಿದು ನಿಂತಿದೆ. ಅಲ್ಲೆಲ್ಲ ವರ್ಷವೆನ್ನುವುದು ತಂತ್ರಜ್ಞಾನವನ್ನು ಬೇಗ ಗುರುತಿಸಲು ಇಟ್ಟ ಅಡ್ಡಹೆಸರು. ಅಡ್ಡಹೆಸರನ್ನೇ ನಾವು ಕುಲನಾಮ ಮಾಡಿಕೊಂಡಿದ್ದೇವೆ.

ಈ ತಪ್ಪು ಎಷ್ಟು ದುಬಾರಿ ಎಂಬುದು ಮೈಸೂರಿಗೆ ಬಂದರೆ ತಿಳಿಯುತ್ತದೆ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ವಿನ್ಯಾಸದ 250 ಸಿಸಿ ಜಾವಾಗಳನ್ನು ತಯಾರಿಸಿತು. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಆ ಮೂವತ್ತೈದು ವರ್ಷಗಳಲ್ಲಿ ಹೊರಗಿನ ಮೋಟೋಕ್ರಾಸ್ ಒಂಟಿ ಶಾಕಪ್, ನೀರಿನಿಂದ ತಣಿಯುವ ಎಂಜಿನ್, ಡಿಸ್ಕ್ ಬ್ರೇಕ್ ಎಲ್ಲವನ್ನೂ ಕಂಡಿತು. ನಮ್ಮ ಯೆಜ್ಡಿ ಕೊನೆಯ ದಿನದವರೆಗೂ ಹಿಂದೆ ಎರಡು ಶಾಕಪ್, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್ ಇಟ್ಟುಕೊಂಡೇ ಉಳಿಯಿತು. 1955ರಲ್ಲಿ ಮದ್ರಾಸಿಗೆ ಬಂದ ಬುಲೆಟ್ಟು, ಪೋಲೆಂಡಿನ ಮಾದರಿಯಿಂದ ಹುಟ್ಟಿದ ರಾಜದೂತ್ 175 ಕೂಡ ಹೀಗೇ. ಲೈಸೆನ್ಸ್ ಕಾಲದ ಮುಚ್ಚಿದ ಮಾರುಕಟ್ಟೆಯಲ್ಲಿ ಗಾಡಿಯ ವಿನ್ಯಾಸಕ್ಕೆ ವಯಸ್ಸೇ ಆಗುತ್ತಿರಲಿಲ್ಲ. 1990ರಲ್ಲಿ ಮೈಸೂರಿನಿಂದ ಹೊರಬಿದ್ದ ಯೆಜ್ಡಿ ಆರ್‌ಸಿ ಬುಕ್ಕಿನ ಪ್ರಕಾರ ತೊಂಬತ್ತರ ದಶಕದ್ದು, ಚಕ್ರದ ಏರಿಳಿತದ ಪ್ರಕಾರ ಎಪ್ಪತ್ತರ ದಶಕ ದಾಟದ್ದು. ಐವತ್ತು ವರ್ಷದ ಗೆರೆ ಅದನ್ನು ಹೊರಗಿಡುತ್ತದೆ. ಅದೇ ಗೆರೆ 1975ರಲ್ಲಿ ಹೊರದೇಶದಲ್ಲಿ ತಯಾರಾದ, ಅದಕ್ಕಿಂತ ಎಷ್ಟೋ ಮುಂದುವರಿದ ಗಾಡಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದಕ್ಕಿಂತ ತಲೆಕೆಳಗಾದ ನ್ಯಾಯ ಇನ್ನೊಂದು ಬೇಕೆ?

ಇಲ್ಲಿ ಯೆಜ್ಡಿ ಪ್ರೇಮಿಗಳ ಜೊತೆಗೂ ನನ್ನದೊಂದು ತಕರಾರಿದೆ. ಜಾವಾ ಮತ್ತು ಸೀಜೆಡ್ ಒಂದೇ ದೇಶದ ಗಾಡಿಗಳು. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964, 1968 ಮತ್ತು 1969ರಲ್ಲಿ ಸೀಜೆಡ್ ಮೇಲೆ 250 ಸಿಸಿ ವಿಶ್ವ ಚಾಂಪಿಯನ್ ಆದ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ 500 ಸಿಸಿಯಲ್ಲಿ ಗೆದ್ದ. ಇದನ್ನೆಲ್ಲ ಎತ್ತಿ ಹೇಳಿ, ನಮ್ಮ ಯೆಜ್ಡಿಯ ಮೈಯಲ್ಲೂ ಅದೇ ರಕ್ತವಿದೆ, ಆದ್ದರಿಂದ ಅದು ಹುಟ್ಟಾ ಮೋಟೋಕ್ರಾಸ್ ಬೈಕು ಎನ್ನುತ್ತಾರೆ. ಒಪ್ಪಲಾರೆ. ಮೈಸೂರಿನಲ್ಲಿ ತಯಾರಾಗಿದ್ದು ರಸ್ತೆಯ ಗಾಡಿ. ಸುಮಾರು 140 ಕಿಲೋ ತೂಕದ, 16 ಅಶ್ವಶಕ್ತಿಯ ರೋಡ್‌ಕಿಂಗ್ ಹಾಲಿನ ಕ್ಯಾನು, ಗೊಬ್ಬರದ ಚೀಲ, ಹಿಂದೆ ಇಬ್ಬರನ್ನು ಹೊತ್ತು ಓಡಲು ಹುಟ್ಟಿದ್ದು. ಅದರ ದೊಡ್ಡತನವನ್ನು ಯುರೋಪಿನ ದಾಯಾದಿಯ ಕಪ್ಪುಗಳಲ್ಲಿ ಹುಡುಕಿದರೆ ಇಲ್ಲಿ ಅದನ್ನು ಮಣ್ಣಿಗೆ ಇಳಿಸಿದವರ ಕೆಲಸವನ್ನೇ ಮರೆತಂತಾಗುತ್ತದೆ.

ಮೂಲರೂಪವೇ ಶ್ರೇಷ್ಠ ಎನ್ನುವವರು ತಪ್ಪುವುದೂ ಇಲ್ಲೇ. ಮೋಟೋಕ್ರಾಸ್‌ಗೆಂದೇ ಮಾಡಿ ಶೋರೂಮಿನಲ್ಲಿಟ್ಟ ಗಾಡಿ ಆ ಕಾಲದ ನಮ್ಮ ಸವಾರನ ಕೈಗೆ ಸಿಗುತ್ತಿರಲಿಲ್ಲ. ಅವನು ರಸ್ತೆಯ ಗಾಡಿಯನ್ನೇ ಬಿಚ್ಚಿದ. ಲೈಟು, ಇಂಡಿಕೇಟರು, ಸೀರೆ ಗಾರ್ಡು ಕಳಚಿದ. ಮಡ್‌ಗಾರ್ಡ್ ಕತ್ತರಿಸಿದ. ಅಗಲವಾದ ಹ್ಯಾಂಡಲ್ ಹಾಕಿಸಿದ. ಸ್ವಿಂಗ್‌ಆರ್ಮ್ ಬಾಗದಂತೆ ಕೆಳಗೊಂದು ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿಸಿದ. ತಗಡು ಸುತ್ತಿ ಹೊಟ್ಟೆ ಉಬ್ಬಿದ ಸೈಲೆನ್ಸರ್ ಮಾಡಿಸಿಕೊಂಡ. ಹಿಂದಿನ ಚಕ್ರಕ್ಕೆ ಗುಬ್ಬಿ ಟೈರು ಏರಿಸಿದ. ಈ ಬದಲಾವಣೆಗಳೇ ಇಲ್ಲಿನ ಮೋಟೋಕ್ರಾಸ್ ಬೈಕಿನ ಮೂಲರೂಪ. 2021ರ ನಿಯಮದ ‘ದೊಡ್ಡ ಬದಲಾವಣೆ ಕಾಣದ’ ಎಂಬ ಷರತ್ತನ್ನು ಕಣದಲ್ಲಿ ಜಾರಿಗೊಳಿಸಿದರೆ, ನಿಜವಾಗಿ ಮಣ್ಣಿನಲ್ಲಿ ಓಡಿದ ಗಾಡಿಗಳೆಲ್ಲ ಅನರ್ಹವಾಗುತ್ತವೆ. ಎಂದೂ ಓಡದೆ ಕ್ರೋಮ್ ಹೊಳೆಸಿಕೊಂಡು ನಿಂತವು ಮಾತ್ರ ಅರ್ಹವಾಗುತ್ತವೆ. ಪ್ರದರ್ಶನಕ್ಕೆ ಅದು ಸರಿ. ರೇಸಿಗೆ ಅದು ಚರಿತ್ರೆಯನ್ನು ಒರೆಸುವ ಕೆಲಸ.

ನಾನು ಈ ಮಾತನ್ನು ಕೂಡ್ಲಿಗಿ ಸೀಮೆಯ ಹೊಸಹಳ್ಳಿಯ ನೆಲ ನೋಡಿ ಆಡುತ್ತಿದ್ದೇನೆ. ನಮ್ಮ ಕಡೆಯದು ಬಹುಪಾಲು ಮಸಾರಿ. ಬೇಸಗೆಯಲ್ಲಿ ಮೇಲಿನ ಬೊಟ್ಟು ಮಣ್ಣು ನುಚ್ಚಿನಂತೆ ಜಾರುತ್ತದೆ. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಹೋದರೆ ಎರೆ ಸಿಗುತ್ತದೆ. ಒಂದು ಮಳೆ ಬಿದ್ದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಡಿಯನ್ನೇ ನಿಲ್ಲಿಸುತ್ತದೆ. ಮಡ್‌ಗಾರ್ಡ್ ಕತ್ತರಿಸುವುದು ಏಕೆಂದು ಎರೆ ಹೊಲ ಕಂಡವರಿಗೆ ಯಾರೂ ವಿವರಿಸಬೇಕಿಲ್ಲ. ಚಿಕ್ಕವನಿದ್ದಾಗ ಶೇಂಗಾ ಚೀಲ ಹೇರಿದ ಯೆಜ್ಡಿ ಬಂಡಿದಾರಿಯ ಏರು ಹತ್ತುವುದನ್ನು ನಿಂತು ನೋಡುತ್ತಿದ್ದೆ. ಸವಾರ ಸೀಟಿನಿಂದ ಅರ್ಧ ಎದ್ದು, ಭಾರವನ್ನು ಹಿಂದಕ್ಕೆ ಬಿಟ್ಟು, ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿದು ಬಿಡುತ್ತ ಹೋಗುತ್ತಿದ್ದ. ಅವನಿಗೆ ರೇಸು ಗೊತ್ತಿರಲಿಲ್ಲ. ಆದರೆ ಚಕ್ರ ಏರಿಳಿಯದ ಗಾಡಿಯನ್ನು ಮೈಯಿಂದಲೇ ದಾಟಿಸುವ ಆ ವಿದ್ಯೆಯನ್ನೇ ವಿಂಟೇಜ್ ವರ್ಗ ಉಳಿಸಬೇಕಾಗಿರುವುದು. ಆ ವಿದ್ಯೆಗೆ ಆರ್‌ಸಿ ಬುಕ್ಕು ಇಲ್ಲ.

ಇನ್ನು ಆರ್‌ಎಕ್ಸ್ 100. ಎಲ್ಲ ಚರ್ಚೆಯೂ ಕೊನೆಗೆ ಇಲ್ಲಿಗೇ ಬಂದು ಬಿಸಿಯಾಗುತ್ತದೆ. 1985ರ ಕೊನೆಗೆ ಬಂದು 1996ರಲ್ಲಿ ನಿಂತ ಈ 98 ಸಿಸಿ ಯಮಹಾವನ್ನು ವಿಂಟೇಜ್ ಎಂದು ಕರೆಯಲು ಇಸವಿಯ ಪಕ್ಷದವರು ಒಪ್ಪುವುದಿಲ್ಲ. ಅವರ ಲೆಕ್ಕದಲ್ಲಿ ಅದು 2035ರವರೆಗೆ ಕಾಯಬೇಕು. ಯೆಜ್ಡಿ ಪಕ್ಷದವರೂ ಒಪ್ಪುವುದಿಲ್ಲ; ರೀಡ್ ವಾಲ್ವ್ ಇರುವ ಜಪಾನೀ ಎಂಜಿನ್ನು ಹಳೆಯ ಕಾಲಕ್ಕೆ ಸೇರದು ಎನ್ನುತ್ತಾರೆ. ಎರಡನೆಯ ವಾದಕ್ಕೆ ತೂಕವಿದೆ, ಆದರೆ ಅದು ಪೂರ್ತಿ ನಿಲ್ಲುವುದಿಲ್ಲ. ಯಮಹಾ ತನ್ನ ಟು ಸ್ಟ್ರೋಕ್ ಗಾಡಿಗಳಿಗೆ ರೀಡ್ ವಾಲ್ವ್ ತಂದಿದ್ದು ಎಪ್ಪತ್ತರ ದಶಕದ ಆರಂಭದಲ್ಲೇ, ಅಂದರೆ 1974ರ ಗೆರೆಗೂ ಮುಂಚೆ. ಹಿಂದೆ ಎರಡು ಶಾಕಪ್, ಡ್ರಮ್ ಬ್ರೇಕ್, ಗಾಳಿಯಿಂದ ತಣಿಯುವ ಎಂಜಿನ್ — ಮೂರರಲ್ಲೂ ಆರ್‌ಎಕ್ಸ್ 100 ಹಳೆಯ ಪಂಕ್ತಿಯದೇ. ನನ್ನ ಅಳತೆಗೋಲಿಗೆ ನಾನು ನಿಷ್ಠನಾಗಿದ್ದರೆ ಅದನ್ನು ಒಳಗೆ ಕರೆಯಲೇಬೇಕು. ಕರೆಯುತ್ತೇನೆ.

ಆದರೆ ಯೆಜ್ಡಿಯ ಪಕ್ಕದ ಸಾಲಿನಲ್ಲಿ ನಿಲ್ಲಿಸಲಾರೆ. ಕಾಗದದ ಮೇಲೆ ಎರಡೂ ಸರಿಸಮ: 11 ಅಶ್ವಶಕ್ತಿಯ ಆರ್‌ಎಕ್ಸ್ ಸುಮಾರು 100 ಕಿಲೋ ತೂಗುತ್ತದೆ, ಆದ್ದರಿಂದ ತೂಕಕ್ಕೂ ಶಕ್ತಿಗೂ ಇರುವ ಪ್ರಮಾಣ ರೋಡ್‌ಕಿಂಗ್‌ನದಕ್ಕೆ ಹತ್ತಿರವೇ. ಮಣ್ಣಿನ ಲೆಕ್ಕ ಬೇರೆ. ತಿರುವಿನಲ್ಲಿ ಕಾಲೂರಿ ಗಾಡಿ ತಿರುಗಿಸುವಾಗ, ದಿಬ್ಬದಿಂದ ಬಿದ್ದ ಗಾಡಿಯನ್ನು ಎತ್ತಿ ಮತ್ತೆ ಒದೆಯುವಾಗ ಆ ನಲವತ್ತು ಕಿಲೋ ಇಡೀ ರೇಸನ್ನೇ ನಿರ್ಧರಿಸುತ್ತದೆ. ಆದ್ದರಿಂದ ಒಂದೇ ವಿಂಟೇಜ್ ಹೆಸರಿನಡಿ ಸಿಸಿಗೆ ತಕ್ಕ ಎರಡು ವರ್ಗಗಳು ಬೇಕು. ಆರ್‌ಎಕ್ಸ್ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು: ನೂರರ ಗಾಡಿಗೆ ಆರ್‌ಎಕ್ಸ್ 135ರ ಬ್ಲಾಕು ಪಿಸ್ಟನ್ ಕೂರಿಸುವುದು ಗೊತ್ತಿಲ್ಲದ ಮೆಕ್ಯಾನಿಕ್ಕೇ ಇಲ್ಲ. ಅಭಿಮಾನಿಗಳು ಇದನ್ನು ಜಾಣ್ಮೆ ಎಂದು ಮೆಚ್ಚುತ್ತಾರೆ. ನೂರರ ವರ್ಗದಲ್ಲಿ ಅದು ಮೋಸ. ರೇಸ್ ಮುಗಿದೊಡನೆ ಹೆಡ್ ಬಿಚ್ಚಿ ಬೋರ್ ಅಳೆಯುವ ಧೈರ್ಯ ಇಲ್ಲದ ಸಂಘಟಕರು ಈ ವರ್ಗಕ್ಕೆ ಕೈಹಾಕಬಾರದು.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದೇ. ಇಸವಿಯನ್ನು ಎಲ್ಲರೂ ಓದಬಹುದು. ‘ವಿನ್ಯಾಸ’ವನ್ನು ಯಾರು ತೀರ್ಮಾನಿಸುತ್ತಾರೆ? ಬಾಗಿಲು ತೆರೆದರೆ ಆರ್‌ಎಕ್ಸ್ ಚಾಸಿಗೆ ಇಂದಿನ ಡರ್ಟ್ ಬೈಕಿನ ಫೋರ್ಕು, ಡಿಸ್ಕ್ ಬ್ರೇಕು ಜೋಡಿಸಿದವರೂ ಬರುವುದಿಲ್ಲವೇ? ಬರುತ್ತಾರೆ. ವರ್ಷವನ್ನಷ್ಟೇ ನೋಡುವ ನಿಯಮ ಅವರನ್ನು ತಡೆಯಲಾರದು, ಚಾಸಿ ನಂಬರು ಹಳೆಯದೇ ತಾನೆ? ತಡೆಯುವುದು ಅಳತೆಯೇ. ಸ್ಪ್ರಿಂಗ್ ತೆಗೆದು ಚಕ್ರವನ್ನು ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಎತ್ತಿ ಟೇಪು ಹಿಡಿದರೆ ಉತ್ತರ ಇಂಚಿನಲ್ಲಿ ಸಿಗುತ್ತದೆ. ಮುಂದೆ 7, ಹಿಂದೆ 4, ಡ್ರಮ್ ಬ್ರೇಕ್, ಹಿಂದೆ ಎರಡು ಶಾಕಪ್, ಗಾಳಿಯಿಂದ ತಣಿಯುವ ಎಂಜಿನ್. ಇಷ್ಟಕ್ಕೆ ಒಪ್ಪಿದರೆ ಹೆಸರಿನ ಮೋಹವೂ ತೀರುತ್ತದೆ. 2022ರಲ್ಲಿ ಮತ್ತೆ ಬಂದ ಯೆಜ್ಡಿಯ ಸ್ಕ್ರ್ಯಾಂಬ್ಲರ್ ಹೊತ್ತ ಹೆಸರು ಹಳೆಯದು. 1924ರಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ನಡೆದ ಸ್ಕ್ರ್ಯಾಂಬಲ್‌ನಿಂದಲೇ ಈ ಕ್ರೀಡೆ ಹುಟ್ಟಿತೆನ್ನುತ್ತಾರೆ. ಆದರೆ ನೀರಿನಿಂದ ತಣಿಯುವ ಆ ಫೋರ್ ಸ್ಟ್ರೋಕ್ ಗಾಡಿ ಇಂದಿನದು, ಇಂದಿನ ವರ್ಗಕ್ಕೇ ಸೇರಿದ್ದು.

ಇದೇ ತರ್ಕದಂತೆ, ಹಳೆಯ ಗಾಡಿಗೆ ಬಿಡಿಭಾಗ ಸಿಗದಾಗ ಹಳೆಯ ಮಾದರಿಯಲ್ಲೇ ಹೊಸದಾಗಿ ಮಾಡಿಸಿದ್ದನ್ನು ಒಪ್ಪಬೇಕು. ಗಾಡಿಯ ಬೇರಿಂಗು, ಪಿಸ್ಟನ್ನು ನಿನ್ನೆ ತಯಾರಾಗಿದ್ದರೂ ಸರಿ, ಕೆಲಸ ಮಾಡುವ ರೀತಿ ಹಳೆಯದಾಗಿದ್ದರೆ ಸಾಕು.

ಕರ್ನಾಟಕ ಮಣ್ಣಿನ ರೇಸಿನಲ್ಲಿ ಹಿಂದುಳಿದ ನಾಡಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ ಅದೇ ರ್‍ಯಾಲಿಗೆ ಹೋದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಇವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಇವರಿಗೂ ಮುಂಚೆ, ಇವರು ಓಡಿಸಿದಂಥ ಗಾಡಿ ಕನಸಿನಲ್ಲೂ ಸಿಗದ ಕಾಲದಲ್ಲಿ, ಯೆಜ್ಡಿ ಆರ್‌ಎಕ್ಸ್‌ಗಳ ಮಡ್‌ಗಾರ್ಡ್ ಕತ್ತರಿಸಿಕೊಂಡು ಕೆಸರಿಗಿಳಿದವರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಅದು ಉಳಿದಿರುವುದು ಗಾಡಿಗಳ ಮೈಮೇಲೆ ಮಾತ್ರ. ಸ್ವಿಂಗ್‌ಆರ್ಮಿನ ಕೆಳಗೆ, ಯಾವುದೋ ತಾಲೂಕು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬಿದ್ದ ಒರಟು ಬೆಸುಗೆಯ ಗೆರೆ ಇದೆಯಲ್ಲ, ಪರಿಶೀಲನೆಗೆ ಬಂದವರು ಅದನ್ನು ದೋಷವೆಂದು ಬರೆದುಕೊಳ್ಳದೆ, ಅರ್ಹತೆಯೆಂದು ಬರೆದುಕೊಳ್ಳಲಿ.