ಒಂದು ಜೇಡರ ಕುಲವೂ ‘ಮೈಸೂರು’ ಎಂಬ ಹೆಸರೂ

ಆರ್. ಐ. ಪೊಕಾಕರು 1900ರಲ್ಲಿ ‘ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲ’ ಮಾಲೆಗೆ ಬರೆದ ಅರಾಕ್ನಿಡ ಸಂಪುಟವು ನಮ್ಮ ದೇಶದ ಜೇಡಗಳ ವರ್ಗೀಕರಣಕ್ಕೆ ತಳಹದಿಯಾದ ಗ್ರಂಥ. ಅದರ ಜೀವಶಾಸ್ತ್ರಾಂಶವನ್ನು ತೂಗುವ ಅಧಿಕಾರ ಇತಿಹಾಸದ ಅಧ್ಯಾಪಕರಾದ ನಮಗಿಲ್ಲ. ಆದರೆ ಸ್ಥಳನಾಮವನ್ನು ಪ್ರಮಾಣವಾಗಿ ಬಳಸುವ ಕ್ರಮವು ಆಕರವಿಮರ್ಶೆಗೆ ಸೇರಿದ್ದು. ಅಷ್ಟನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಪೀಸಿಲೋಥೀರಿಯಾ ಕುಲವನ್ನು ಸಿಮೋನನು 1885ರಲ್ಲಿ ಸ್ಥಾಪಿಸಿದನು. ಭಾರತ ಮತ್ತು ಶ್ರೀಲಂಕೆಗಳಿಗೆ ಮಾತ್ರ ಸೇರಿದ ಈ ಚಿಕ್ಕ ಕುಲದಲ್ಲಿ ಸುಮಾರು ಹದಿನೈದು ಪ್ರಭೇದಗಳಿವೆ. ಹಳೆಯ ಮರಗಳ ಪೊಟರೆಗಳಲ್ಲಿ ವಾಸಿಸುವ ಈ ದೊಡ್ಡ ಜೇಡಗಳನ್ನು ಕಾಲುಗಳ ಅಡಿಭಾಗದ ಪಟ್ಟೆಗಳಿಂದ ವಿಂಗಡಿಸುವುದು ವಾಡಿಕೆ. ಇದರಲ್ಲಿ ಪೊಕಾಕರ ದೃಷ್ಟಿ ಸೂಕ್ಷ್ಮವಾದುದು. ಅವರು ಹೆಸರಿಟ್ಟ ಹಲವು ಪ್ರಭೇದಗಳು ಇಂದಿಗೂ ಮಾನ್ಯವಾಗಿವೆ.

ತೊಡಕಿರುವುದು ಸ್ಥಳದಲ್ಲಿ. ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ದೊರೆತ ಒಂದೇ ಮಾದರಿಯಿಂದ ಅವರು 1899ರಲ್ಲಿ ಮೆಟಾಲಿಕಾ ಪ್ರಭೇದವನ್ನು ವರ್ಣಿಸಿದರು. ಅದು ಮತ್ತೆ ಕಂಡದ್ದು 2001ರಲ್ಲಿ, ಗುತ್ತಿಗೆ ಸುಮಾರು 100 ಕಿಲೋಮೀಟರು ದೂರದ, ನಂದ್ಯಾಲ ಗಿದ್ದಲೂರುಗಳ ನಡುವಿನ ಕಾಡಿನಲ್ಲಿ. ದೊರೆತ ಸ್ಥಳವೇ ಬೇರೆ, ಬಾಳಿದ ನೆಲೆಯೇ ಬೇರೆ.

ಪೊಕಾಕರೇ 1895ರಲ್ಲಿ ಹೆಸರಿಟ್ಟ ಸ್ಟ್ರಿಯಾಟಾ ಪ್ರಭೇದವು ಇಂದು ‘ಮೈಸೂರ್ ಆರ್ನಮೆಂಟಲ್’ ಎಂದು ಪ್ರಸಿದ್ಧ. ಆ ಕಾಲದಲ್ಲಿ ಮೈಸೂರೆಂದರೆ ಒಂದು ನಗರ, ಒಂದು ಜಿಲ್ಲೆ, ಒಂದು ಸಂಸ್ಥಾನ. ಇಂತಹ ಹೆಸರಿನಿಂದ ನೆಲೆಯನ್ನು ಊಹಿಸುವುದು ಸಲ್ಲದು. ಬಿ. ಎಲ್. ರೈಸರು 1898ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಸನಗಳನ್ನು ಪ್ರಕಟಿಸಿದಾಗ, ಕಲ್ಲು ಯಾವ ಊರಿನಲ್ಲಿ, ಎಲ್ಲಿ ನಿಂತಿದೆ ಎಂಬುದನ್ನೂ ತಿಳಿಸಿದರು. ಕಲ್ಲಿಗೆ ದೊರೆತ ಈ ಎಚ್ಚರಿಕೆ ಜೀವಿಗೆ ದೊರೆಯಲಿಲ್ಲ. ಲಂಡನ್ನಿನ ಸಂಗ್ರಹಾಲಯದಲ್ಲಿದ್ದ ಪೊಕಾಕರಿಗೆ ಚೀಟಿಯೇ ಆಧಾರವಾಗಿದ್ದಿತು. ದೋಷವು ಚೀಟಿ ಬರೆದವರದು, ಹೆಸರನ್ನೇ ಎಲ್ಲೆಯೆಂದು ಓದುವವರದು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಈ ಕುಲಕ್ಕೆ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ದೊರೆತಿದೆ. ಆದರೆ ಪೊಟರೆಯ ಮರ ಉಳಿಯಬೇಕಾದರೆ ಆ ಮರವೆಲ್ಲಿದೆಯೆಂದು ತಿಳಿದಿರಬೇಕು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ಕಾಕನಕೋಟೆಯ ಹಳೆಯ ಕಾಡಿನ ಒಂದು ಭಾಗವನ್ನು ಮುಳುಗಿಸಿತು. ಅಲ್ಲಿನ ಪೊಟರೆಗಳಲ್ಲಿ ಏನಿದ್ದಿತೆಂಬುದಕ್ಕೆ ‘ಮೈಸೂರು’ ಎಂಬ ಒಂದು ಮಾತು ಸಾಕ್ಷಿಯಾಗಲಾರದು. ಉಳಿದ ಕಾಡಿನಲ್ಲಾದರೂ ಮರ, ಹಳ್ಳ, ಹಾಡಿಗಳ ಹೆಸರು ಸಹಿತ ದಾಖಲೆಯಾಗಬೇಕು. ತುಡುವೆ ಜೇನಿಗಾಗಿ ಪೊಟರೆಗಳನ್ನು ಬಲ್ಲ ಜೇನುಕುರುಬರ ತಿಳಿವಳಿಕೆಯನ್ನು ಈ ಕಾರ್ಯದಲ್ಲಿ ಪ್ರಮಾಣವೆಂದೇ ಎಣಿಸಬೇಕೆಂದು ನಮ್ಮ ಅಭಿಪ್ರಾಯ.