ದುರ್ಬೀನು ಮತ್ತು ಹಿಟ್ಟಿನ ಕೋಳಿ

ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಅರಿವೆಗಾಗಲಿ ಪಾತ್ರೆಗಾಗಲಿ ಬಂದ ಗಿರಾಕಿಯನ್ನು ವರ್ತಕನು ಮೊದಲು ಕೇಳುವುದು, ‘ಯಾತಕ್ಕೆ ಬೇಕು?’ ಎಂದು. ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನನ್ನು ಆರಿಸುವ ಬಗೆ ತಿಳಿಸುವ ಕೈಪಿಡಿಗಳು ಈ ಪ್ರಶ್ನೆಯನ್ನೇ ತೇಲಿಸಿಬಿಡುತ್ತವೆ. ‘ಗುರಿಯಾಟಕ್ಕೂ ಸಣ್ಣ ಬೇಟೆಗೂ’ ಎಂದು ಒಂದೇ ಉಸಿರಿನಲ್ಲಿ ನುಡಿಯುವ ಅವುಗಳಿಗೆ ಕಾಗದದ ವೃತ್ತವೂ ಮೊಲವೂ ಒಂದೇ.

ಯಂತ್ರದ ಮಟ್ಟಿಗೆ ಅವುಗಳ ಮಾತು ಸುಳ್ಳಲ್ಲ. ‘4×32’ ಎಂದರೆ ನಾಲ್ಕು ಪಟ್ಟು ಹಿಗ್ಗಿಸುವ, 32 ಮಿ.ಮೀ. ಮುಂಗಾಜಿನ ದುರ್ಬೀನು. ವರ್ಧನೆ ಏರಿದಷ್ಟೂ ನೋಟದ ಹರವು ಕಿರಿದಾಗಿ, ಕೈನಡುಕ ದೊಡ್ಡದಾಗಿ ಕಾಣುತ್ತದೆ. ಸ್ಪ್ರಿಂಗ್ ಏರ್‌ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅದಕ್ಕೆಂದೇ ಗಟ್ಟಿಗೊಳಿಸದ ದುರ್ಬೀನು ಒಳಗೇ ಸಡಿಲಾಗುವುದುಂಟು. ಆದರೆ ಮಗನೋ ಮಗಳೋ ಗುರಿಯಾಟ ಕಲಿಯುವೆನೆಂದಾಗ ತಂದೆತಾಯಿಗಳು ಅರಿಯಬೇಕಾದದ್ದು ಬೇರೆ. ದುರ್ಬೀನು ಸಲ್ಲುವ ಗುರಿಯಾಟಗಳು ಇವೆಯಾದರೂ, ಒಲಿಂಪಿಕ್ ರೈಫಲ್ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶವೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಸಣ್ಣ ರಂಧ್ರದ ಗುರಿಕಂಡಿಯ ಮೂಲಕ ನೋಡಿ. ದೂರ ಹತ್ತು ಮೀಟರ್, ನಡುವಣ ಚುಕ್ಕೆ ಅರ್ಧ ಮಿಲಿಮೀಟರ್.

ಇನ್ನು ‘ಸಣ್ಣ ಬೇಟೆ’. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಮೊದಲಿಗೆ ಪರವಾನಿಗೆಯ ಮೇಲೆ ಇದಕ್ಕೆ ಎಡೆಗೊಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಕಾಯ್ದೆ ತಡವಾಗಿ ಬಂದ ಈ ನೆಲೆಗೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎಂದೋ ಬಂದಿತ್ತು. ಅಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ಪಾಪೋಪದೇಶ ಒಂದು, ಹಿಂಸಾದಾನ ಇನ್ನೊಂದು. ಕೊಲ್ಲದವನೂ ಕೊಲ್ಲುವ ಬಗೆಯನ್ನು ಹೇಳಿಕೊಟ್ಟರೆ, ಆಯುಧವನ್ನು ಒದಗಿಸಿದರೆ, ದೋಷದಿಂದ ಹೊರತಲ್ಲ. ಈ ಕೈಪಿಡಿಗಳು ಮೊದಲನೆಯದರ ಅಚ್ಚಾದ ರೂಪ. ಹುಟ್ಟುಹಬ್ಬಕ್ಕೆ ಬೇಟೆಯ ಬಂದೂಕು ಕೊಡಿಸುವುದು ಎರಡನೆಯದು.

ಹಾಗೆಂದು ಗುರಿಯಾಟವನ್ನೇ ಹಳಿಯುವುದು ಅವಸರದ ಮಾತು. ಉಸಿರನ್ನು ಬಿಗಿಹಿಡಿದು ಚುಕ್ಕೆಯೊಂದರಲ್ಲಿ ಮನಸ್ಸನ್ನು ನಿಲ್ಲಿಸುವುದರಲ್ಲಿ ಕೊಲೆಯ ಸಂಕಲ್ಪವಿಲ್ಲ. ತೊಡಕಿರುವುದು ಇನ್ನೊಂದೆಡೆ. ಮೊಲದ, ಹಕ್ಕಿಯ ಆಕಾರದ ತಗಡಿನ ಗುರಿಗಳೂ ಮಾರಾಟಕ್ಕಿವೆ. ಪ್ರಾಣವಿಲ್ಲದ ತಗಡಿಗೆ ಹೊಡೆದರೇನು ಎಂದು ಕೇಳುವವರಿದ್ದಾರೆ. 1209ರಲ್ಲಿ ಯಶೋಧರ ಚರಿತೆಯನ್ನು ಬರೆದ ಜನ್ನನ ಮುಂದೆ ಇದ್ದದ್ದೂ ಇದೇ ಪ್ರಶ್ನೆ. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಮಾತಿಗೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದನು. ಕಡಿದಾಗ ಆ ಕೋಳಿ ಕೂಗಿತು. ತಾಯಿಮಕ್ಕಳಿಬ್ಬರೂ ಮುಂದಿನ ಭವದಲ್ಲಿ ನಾಯಿಯಾಗಿ, ನವಿಲಾಗಿ ಹುಟ್ಟಿದರು.