ಒಂದು ವಾಕ್ಯ, ಮೂವರ ಬಯಕೆ: ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿ

1919ರ ಜೂನ್ 28ರಂದು ವರ್ಸೇಲ್ಸ್ ಅರಮನೆಯ ಕನ್ನಡಿಗಳ ಹಜಾರದಲ್ಲಿ ಸಹಿಯಾದ, ಮೊದಲ ಮಹಾಯುದ್ಧವನ್ನು ಮುಗಿಸಿದ ಒಪ್ಪಂದಕ್ಕೆ 440 ವಿಧಿಗಳು. ಜರ್ಮನಿಯನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಒಂದೇ ವಾಕ್ಯದ 231ನೆಯದು. ಕನ್ನಡದಲ್ಲಿ ಅದು ಹೀಗಾಗುತ್ತದೆ:

"ಜರ್ಮನಿ ಮತ್ತು ಅದರ ಸಂಗಡಿಗರ ಆಕ್ರಮಣದಿಂದ ತಮ್ಮ ಮೇಲೆ ಹೇರಲ್ಪಟ್ಟ ಯುದ್ಧದಲ್ಲಿ ಮಿತ್ರ ಹಾಗೂ ಸಹವರ್ತಿ ಸರ್ಕಾರಗಳೂ ಅವುಗಳ ಪ್ರಜೆಗಳೂ ಅನುಭವಿಸಿದ ಎಲ್ಲ ನಷ್ಟ, ಹಾನಿಗಳಿಗೆ ಜರ್ಮನಿಯೂ ಅದರ ಸಂಗಡಿಗರೂ ಹೊಣೆಯೆಂದು ಆ ಸರ್ಕಾರಗಳು ಸಾರುತ್ತವೆ, ಜರ್ಮನಿ ಒಪ್ಪುತ್ತದೆ."

ಮಿತ್ರ ಹಾಗೂ ಸಹವರ್ತಿ ಸರ್ಕಾರಗಳು: ಎರಡು ಹೆಸರು ಏಕೆ? 1917ರಲ್ಲಿ ಯುದ್ಧಕ್ಕಿಳಿದ ಅಮೆರಿಕವನ್ನು ಬ್ರಿಟನ್, ಫ್ರಾನ್ಸ್‌ಗಳ 'ಮಿತ್ರ' ಎಂದು ಕರೆಯಲು ಅಧ್ಯಕ್ಷ ವುಡ್ರೋ ವಿಲ್ಸನ್ ಒಪ್ಪಲಿಲ್ಲ. ಆ ದೇಶಗಳು ಒಳಗೊಳಗೇ ಮಾಡಿಕೊಂಡ ಕರಾರುಗಳ ಹಂಗು ಅವರಿಗೆ ಬೇಡವಾಗಿತ್ತು. ಗೆದ್ದವರ ನಡುವಿನ ಬಿರುಕು ವಾಕ್ಯದ ಕರ್ತೃಪದದಲ್ಲೇ ಕಾಣುತ್ತದೆ.

ಆಕ್ರಮಣದಿಂದ: ಈ ಮಾತು ಕದನವಿರಾಮಕ್ಕೆ ಆರು ದಿನ ಮೊದಲು, 1918ರ ನವೆಂಬರ್ 5ರಂದು, ಅಮೆರಿಕ ಜರ್ಮನಿಗೆ ಕಳಿಸಿದ ಪತ್ರದಿಂದ ಬಂದದ್ದು. ಆ ಪತ್ರ ಪರಿಹಾರ ಕೇಳಿದ್ದು ನಾಗರಿಕರಿಗೂ ಅವರ ಆಸ್ತಿಗೂ ಆದ ಹಾನಿಗೆ ಮಾತ್ರ. ವಿಲ್ಸನ್ನರಿಗೆ ಅದು ಕೊಟ್ಟ ಮಾತು.

ಎಲ್ಲ ನಷ್ಟ, ಹಾನಿಗಳಿಗೆ: ವಾಕ್ಯದ ಭಾರವೆಲ್ಲ 'ಎಲ್ಲ' ಎಂಬಲ್ಲಿದೆ. ಫ್ರಾನ್ಸಿನ ಪ್ರಧಾನಿ ಜಾರ್ಜ್ ಕ್ಲೆಮಾನ್ಸೋ ಆಗ 77 ವರ್ಷದವರು. 1871ರಲ್ಲಿ ಜರ್ಮನ್ ಸಾಮ್ರಾಜ್ಯವನ್ನು ಘೋಷಿಸಿದ್ದು ಇದೇ ಕನ್ನಡಿಗಳ ಹಜಾರದಲ್ಲಿ. ಆಗ ಸೋತ ಫ್ರಾನ್ಸ್ ತೆತ್ತದ್ದು 500 ಕೋಟಿ ಫ್ರಾಂಕ್. ಅದನ್ನು ಕಂಡಿದ್ದ ಅವರಿಗೆ ಹಣಕ್ಕಿಂತ ಮೊದಲು ಭದ್ರತೆ ಬೇಕಿತ್ತು, ಜರ್ಮನಿ ಮತ್ತೆ ರೈನ್ ನದಿ ದಾಟಬಾರದಿತ್ತು. ಈ ಯುದ್ಧದಲ್ಲಿ ಫ್ರಾನ್ಸಿನ ಉತ್ತರದ ಊರುಗಳು ನೆಲಸಮವಾಗಿ, ಲಾನ್ಸ್‌ನ ಕಲ್ಲಿದ್ದಲ ಗಣಿಗಳಲ್ಲಿ ನೀರು ತುಂಬಿತ್ತು. ಬ್ರಿಟನ್ನಿನ ನೆಲದಲ್ಲಿ ಅಂಥ ನಾಶವಿರಲಿಲ್ಲ. ನಾಗರಿಕರ ಹಾನಿಯನ್ನಷ್ಟೇ ಲೆಕ್ಕ ಹಾಕಿದರೆ ಅದಕ್ಕೆ ಸಿಗುವ ಪಾಲು ಸಣ್ಣದು. ಜರ್ಮನಿಯಿಂದ ವಸೂಲು ಮಾಡುತ್ತೇವೆಂದು 1918ರ ಡಿಸೆಂಬರಿನ ಚುನಾವಣೆ ಗೆದ್ದಿದ್ದ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಸೈನಿಕರ ಪಿಂಚಣಿಯನ್ನೂ ನಾಗರಿಕ ಹಾನಿಗೆ ಸೇರಿಸಲು ಹಟ ಹಿಡಿದರು. ಅದೇ ಲಾಯ್ಡ್ ಜಾರ್ಜ್, ಜರ್ಮನಿಯನ್ನು ತೀರ ತುಳಿದರೆ ಅದು ಬೊಲ್ಷೆವಿಕರ ಕಡೆ ವಾಲೀತೆಂದು ಮಾರ್ಚ್‌ನಲ್ಲಿ ಎಚ್ಚರಿಸಿದ್ದರು. ಪಿಂಚಣಿಯ ವಿಷಯದಲ್ಲಿ ವಿಲ್ಸನ್ ಮಣಿದರು. ನನ್ನ ದೃಷ್ಟಿಯಲ್ಲಿ ಅದು ಅವರ ದೊಡ್ಡ ತಪ್ಪು. ಕೊಟ್ಟ ಮಾತು ಅಲ್ಲಿಗೆ ಮುರಿಯಿತು.

ಹೊಣೆ: ಕರಡು ಬರೆದವರು ಅಮೆರಿಕದ ನಾರ್ಮನ್ ಡೇವಿಸ್ ಮತ್ತು ಜಾನ್ ಫಾಸ್ಟರ್ ಡಲ್ಲೆಸ್. 'ಅಪರಾಧ' ಎಂಬ ಪದ ಇಲ್ಲಿಲ್ಲ. ಕಾನೂನಿನ ಹೊಣೆಯಷ್ಟೇ ಇದೆ. ಜರ್ಮನರು ಮಾತ್ರ ಇದನ್ನು ಯುದ್ಧ ಹೂಡಿದ ಅಪರಾಧದ ತಪ್ಪೊಪ್ಪಿಗೆಯಾಗಿಯೇ ಓದಿದರು.

ಸಾರುತ್ತವೆ, ಒಪ್ಪುತ್ತದೆ: ಮೊದಲ ಕ್ರಿಯಾಪದ ಪ್ಯಾರಿಸ್, ಲಂಡನ್ನಿನ ಮತದಾರರಿಗಾಗಿ. ಎರಡನೆಯದರಲ್ಲಿ ಒಪ್ಪಿಗೆಯಿಲ್ಲ, ಬಲವಂತವಿದೆ. ಮೇ 7ರಂದು ಕರಡು ಕೈಗಿತ್ತಾಗ ಎದುರು ಕುಳಿತು ಚರ್ಚಿಸಲು ಜರ್ಮನರಿಗೆ ಅವಕಾಶವಿರಲಿಲ್ಲ. ಆಕ್ಷೇಪಣೆ ಲಿಖಿತವಾಗಿಯೇ ಇರಬೇಕಿತ್ತು.

ಈ ವಾಕ್ಯ ಓದಿದವರು ದಯವಿಟ್ಟು ಅಲ್ಲಿಗೇ ಪುಸ್ತಕ ಮುಚ್ಚಬಾರದು. ಎಲ್ಲವನ್ನೂ ತುಂಬಿಕೊಡುವಷ್ಟು ಸಂಪತ್ತು ಜರ್ಮನಿಯಲ್ಲಿಲ್ಲ ಎಂದು ಗೆದ್ದವರೇ ಒಪ್ಪಿಕೊಂಡದ್ದು ಮುಂದಿನ, 232ನೆಯ ವಿಧಿಯಲ್ಲಿದೆ.